ಸ್ಪ್ಯಾನಿಷ್ ಓಪನಿಂಗ್‌ಗೆ ಕಪ್ಪಿನ ಉತ್ತರ: ಬರ್ಲಿನ್, ಓಪನ್, ಬ್ರೇಯರ್ ಮೂರನ್ನೂ ಆಡಿ ನೋಡಿದ ಮೇಲೆ

ಚೆಸ್‌ನಲ್ಲಿ ಕಪ್ಪು ಕಾಯಿ ಹಿಡಿದು, ಬಿಳಿಯ ಇ4ಕ್ಕೆ ಇ5 ಅಂತ ಉತ್ತರ ಕೊಡುವವರಿಗೆ ಈ ಸ್ಥಿತಿ ತಪ್ಪಿದ್ದಲ್ಲ (ಇ4, ಇ5 ಅನ್ನುವುದು ಬೋರ್ಡಿನ ಮನೆಗಳ ಹೆಸರು; ಕಾಯಿಯ ಹೆಸರಿಲ್ಲದೆ ಬರೀ ಮನೆ ಹೇಳಿದರೆ ಅದು ಪಾನ್‌ನ ನಡೆ). ಬಿಳಿಯ ಕುದುರೆ ಎಫ್3ಕ್ಕೆ ಬರುತ್ತದೆ. ನಮ್ಮದು ಸಿ6ಕ್ಕೆ. ಮೂರನೇ ನಡೆಯಲ್ಲಿ ಬಿಳಿಯ ಬಿಷಪ್ ಬಿ5ಕ್ಕೆ ಬಂದು ನಮ್ಮ ಕುದುರೆ ಮೇಲೆ ಕಣ್ಣಿಟ್ಟು ಕೂರುತ್ತದೆ. ಇದೇ ರುಯ್ ಲೋಪೆಜ್. ಸ್ಪ್ಯಾನಿಷ್ ಅಂತಲೂ ಕರೆಯುತ್ತಾರೆ.

ಸ್ಪೇನಿನ ಪಾದ್ರಿ ರುಯ್ ಲೋಪೆಜ್ ಈ ನಡೆಯ ಬಗ್ಗೆ ಬರೆದ ಪುಸ್ತಕ ಅಚ್ಚಾಗಿದ್ದು 1561ರಲ್ಲಿ. ವಿಶ್ವ ಚಾಂಪಿಯನ್‌ಶಿಪ್ ಪಂದ್ಯಗಳಲ್ಲಿ ಇವತ್ತಿಗೂ ಇದನ್ನು ಆಡುತ್ತಾರೆ. ಇಷ್ಟು ಹಳೆಯ ಮರ ಆದ್ದರಿಂದ ಕೊಂಬೆಗಳೂ ಜಾಸ್ತಿ. ಕಲಿಯಲು ಕೂತಾಗ ನನಗೆ ಮೊದಲು ಕಷ್ಟವಾಗಿದ್ದು ಅದೇ. ಯಾವ ಕೊಂಬೆ ಹಿಡಿಯೋದು?

ಹಾಗಾಗಿ ಬರ್ಲಿನ್, ಓಪನ್, ಬ್ರೇಯರ್ ಅನ್ನುವ ಮೂರು ಕವಲನ್ನು ಆರಿಸಿಕೊಂಡು, ಒಂದೊಂದನ್ನೂ ಮೂರು ತಿಂಗಳು ಆಡಿದೆ. ಆ ಮೂರು ತಿಂಗಳು ಬೇರೆ ಕವಲಿಗೆ ಕೈ ಹಾಕಲಿಲ್ಲ. ಎಲ್ಲವೂ ಆನ್‌ಲೈನ್ ಆಟ. ತಲಾ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುತ್ತದೆ. ಆಟ ಮುಗಿದ ತಕ್ಷಣ ನೋಟ್‌ಬುಕ್‌ನಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ. ನನಗೆ ಗೊತ್ತಿದ್ದ ನಡೆಗಳು ಎಲ್ಲಿ ಮುಗಿದವು? ಮುಗಿದ ಮೇಲೆ ಏನು ಮಾಡಬೇಕು ಅಂತ ಗೊತ್ತಿತ್ತಾ? ಗೆಲುವು ಸೋಲಿಗಿಂತ ಎರಡನೇ ಪ್ರಶ್ನೆಯ ಉತ್ತರವೇ ನನಗೆ ಮುಖ್ಯವಾಯಿತು. ಈ ಹೋಲಿಕೆಯ ಅಳತೆಗೋಲೂ ಅದೇ.

ಮೊದಲು ಒಂದು ವಿಷಯ ಅರ್ಥವಾಗಬೇಕು

ಬಿ5ರ ಬಿಷಪ್ ನೋಡಿದ ಕೂಡಲೇ ಎಲ್ಲರಿಗೂ ಒಂದು ಭಯ. ಬಿಷಪ್ ನಮ್ಮ ಕುದುರೆಯನ್ನು ಹೊಡೆದರೆ ಇ5ರ ಪಾನ್ (ಕಾಲಾಳು) ಕಾಯುವವರಿಲ್ಲ, ಅದು ಹೋಯಿತು ಅಂತ. ಹೋಗುವುದಿಲ್ಲ. ನಾವು ಎ6 ಆಡಿದೆವು ಅನ್ನಿ. ಬಿಷಪ್ ಸಿ6ರ ಕುದುರೆಯನ್ನು ಹೊಡೆಯುತ್ತದೆ. ನಾವು ಡಿ ಪಾನ್‌ನಿಂದ ವಾಪಸ್ ಹೊಡೆಯುತ್ತೇವೆ. ಬಿಳಿ ಕುದುರೆ ಇ5ರ ಪಾನ್ ತಿನ್ನುತ್ತದೆ. ಆಗ ನಮ್ಮ ರಾಣಿ ನೇರ ಡಿ4ಕ್ಕೆ. ಒಂದು ಕಡೆ ಕುದುರೆ, ಇನ್ನೊಂದು ಕಡೆ ಇ4ರ ಪಾನ್, ಎರಡರ ಮೇಲೂ ಒಟ್ಟಿಗೆ ದಾಳಿ. ಕಳೆದುಕೊಂಡ ಪಾನ್ ವಾಪಸ್ ಬರುತ್ತದೆ.

ಆದರೆ ಬಿಳಿ ಕ್ಯಾಸ್ಲಿಂಗ್ ಮಾಡಿ (ರಾಜ ಎರಡು ಮನೆ ಪಕ್ಕಕ್ಕೆ ಸರಿದು, ಮೂಲೆಯ ರೂಕ್ ಅವನನ್ನು ದಾಟಿ ಪಕ್ಕದಲ್ಲಿ ಕೂರುವ ನಡೆ), ರೂಕ್ ಇ1ಕ್ಕೆ ತಂದು ಇ4ರ ಪಾನ್‌ಗೆ ಕಾವಲು ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಆಗ ರಾಣಿ ಡಿ4ಕ್ಕೆ ಬಂದರೂ ಏನೂ ಸಿಗುವುದಿಲ್ಲ. ಬೆದರಿಕೆ ನಿಜವಾಗುವುದು ಆ ಗಳಿಗೆಯಲ್ಲಿ. ಕ್ಲೋಸ್ಡ್ ಕವಲಿನಲ್ಲಿ (ಬ್ರೇಯರ್ ಬರುವುದು ಇದರಲ್ಲೇ) ಸರಿಯಾಗಿ ಅದೇ ಹೊತ್ತಿಗೆ ಕಪ್ಪು ಬಿ5 ತಳ್ಳಿ ಬಿಷಪ್ಪನ್ನು ಓಡಿಸುವುದು ಇದಕ್ಕೇ. ಇದು ತಲೆಗೆ ಹೋದ ದಿನ ಹತ್ತು ನಡೆಯ ಕಂಠಪಾಠ ನನಗೆ ಬೇಕಿಲ್ಲವಾಯಿತು. ಯಾವ ಕವಲು ಹಿಡಿದರೂ ಇದನ್ನು ಒಮ್ಮೆ ಬೋರ್ಡ್ ಮೇಲೆ ಕಾಯಿ ಇಟ್ಟು ನೋಡಿ. ಪರದೆ ಮೇಲೆ ಸುಮ್ನೆ ಕ್ಲಿಕ್ ಮಾಡುತ್ತಾ ಹೋದರೆ ಅಷ್ಟು ನಾಟುವುದಿಲ್ಲ.

ಬರ್ಲಿನ್: ಕಲಿಯೋದು ಕಡಿಮೆ, ಆಡೋದು ಕಷ್ಟ

ಮೊದಲ ಮೂರು ತಿಂಗಳು ಬರ್ಲಿನ್. ಎ6 ಇಲ್ಲದೆ ಮೂರನೇ ನಡೆಯಲ್ಲೇ ಕುದುರೆ ಎಫ್6ಕ್ಕೆ. 2000ದಲ್ಲಿ ಲಂಡನ್‌ನಲ್ಲಿ ಕ್ರಾಮ್ನಿಕ್ ಇದನ್ನೇ ಗೋಡೆಯಂತೆ ನಿಲ್ಲಿಸಿ ಕ್ಯಾಸ್ಪರೋವ್ ಅವರಿಂದ ವಿಶ್ವ ಕಿರೀಟ ಕಿತ್ತುಕೊಂಡರು. ಆ ಇಡೀ ಪಂದ್ಯದಲ್ಲಿ ಕ್ಯಾಸ್ಪರೋವ್‌ಗೆ ಒಂದು ಆಟವೂ ಗೆಲ್ಲಲಾಗಲಿಲ್ಲ. ಅದನ್ನು ಓದಿದಾಗ ನನಗೂ ಆಸೆ ಹುಟ್ಟಿತು.

ಮುಖ್ಯ ದಾರಿ ಚಿಕ್ಕದು. ಬಿಳಿ ಕ್ಯಾಸ್ಲಿಂಗ್ ಮಾಡುತ್ತದೆ, ನಮ್ಮ ಕುದುರೆ ಇ4ರ ಪಾನ್ ತಿನ್ನುತ್ತದೆ. ಡಿ4, ಕುದುರೆ ಡಿ6ಕ್ಕೆ. ಬಿಷಪ್ ಸಿ6ರಲ್ಲಿ ಹೊಡೆಯುತ್ತದೆ, ಡಿ ಪಾನ್‌ನಿಂದ ವಾಪಸ್. ಬಿಳಿಯ ಪಾನ್ ಇ5ರಲ್ಲಿ ಹೊಡೆಯುತ್ತದೆ, ಕುದುರೆ ಎಫ್5ಕ್ಕೆ. ರಾಣಿಗಳು ಡಿ8ರಲ್ಲಿ ಬದಲಾಗುತ್ತವೆ, ನಮ್ಮ ರಾಜ ವಾಪಸ್ ಹೊಡೆಯುತ್ತಾನೆ. ಎಂಟು ನಡೆ, ಅಷ್ಟೇ. ಒಂದು ಸಂಜೆಯಲ್ಲಿ ಬಾಯಿಪಾಠ.

ಆಮೇಲೆ ಶುರು ನೋಡಿ. ಕ್ಯಾಸ್ಲಿಂಗ್ ಹಕ್ಕು ಹೋಗಿದೆ. ಸಿ ಸಾಲಿನಲ್ಲಿ ಪಾನ್ ಮೇಲೆ ಪಾನ್ ಕೂತಿದೆ. ಎಚ್8ರ ರೂಕ್‌ಗೆ ಹೊರಗೆ ಬರಲು ದಾರಿ ಕಾಣುವುದಿಲ್ಲ. ಇದಕ್ಕೆ ಬದಲಾಗಿ ಸಿಕ್ಕಿದ್ದು ಎರಡು ಬಿಷಪ್, ಮತ್ತು ಬಿಳಿಗೆ ದಾಳಿ ಮಾಡಲು ಸುಲಭವಾಗಿ ಏನೂ ಸಿಗದ ಒಂದು ಕೋಟೆ.

ಒಂದು ಆಟ ಇನ್ನೂ ನೆನಪಿದೆ. ಸ್ಥಿತಿ ಸಮನಾಗಿತ್ತು. ಕಾಯಿ ಕಡಿಮೆಯಾದಷ್ಟೂ ಡ್ರಾ ಹತ್ತಿರ ಅಂದುಕೊಂಡು ಸಿಕ್ಕ ಕಾಯಿಯನ್ನೆಲ್ಲ ಬದಲಾಯಿಸುತ್ತಾ ಹೋದೆ. ಬಿಷಪ್ ಹೋಯಿತು, ಕುದುರೆ ಹೋಯಿತು, ರೂಕ್‌ಗಳೂ ಹೋದವು. ಕೊನೆಗೆ ರಾಜ ಮತ್ತು ಪಾನ್‌ಗಳು ಮಾತ್ರ. ಆಗ ಕಂಡಿದ್ದು: ರಾಜನ ಕಡೆ ಬಿಳಿಗೆ ನಾಲ್ಕು ಪಾನ್, ನನಗೆ ಮೂರು. ಬಿಳಿ ಅಲ್ಲಿ ಒಂದು ಪಾನ್‌ಗೆ ನಿಧಾನವಾಗಿ ದಾರಿ ಬಿಡಿಸಿಕೊಂಡಿತು. ಇನ್ನೊಂದು ಕಡೆ ನನಗೂ ನಾಲ್ಕಿತ್ತು, ಆದರೆ ಎರಡು ಒಂದೇ ಸಾಲಿನಲ್ಲಿ ಸಿಕ್ಕಿಕೊಂಡಿದ್ದರಿಂದ ಬಿಳಿಯ ಮೂರು ಪಾನ್ ಸಾಕಾಯಿತು ಅದನ್ನು ತಡೆಯಲು. ಸೋತೆ. ಬರ್ಲಿನ್‌ನ ಜೀವಾಳ ಆ ಸೋಲಿನಲ್ಲಿ ಅರ್ಥವಾಯಿತು. ಇಲ್ಲಿ ಎರಡು ಬಿಷಪ್ ಕಾಪಾಡಿಕೊಳ್ಳಬೇಕು, ಕಂಡ ಕಂಡ ಕಾಯಿ ಬದಲಾಯಿಸಬಾರದು. ಜಿ4 ಬರದಂತೆ ಸಮಯ ನೋಡಿ ಎಚ್5 ತಳ್ಳಬೇಕು. ರಾಜನನ್ನು ಇ8ಕ್ಕೋ ಸಿ8ಕ್ಕೋ ಕರೆದೊಯ್ಯಬೇಕು, ಯಾವುದು ಯಾವಾಗ ಅಂತ ಹೇಳುವ ಸುಲಭ ಸೂತ್ರ ಇಲ್ಲ.

ನೋಟ್‌ಬುಕ್‌ನ ಎರಡನೇ ಪ್ರಶ್ನೆಗೆ ಬರ್ಲಿನ್ ಆಟಗಳಲ್ಲಿ ಹೆಚ್ಚಾಗಿ ಬರೆದಿದ್ದು 'ಗೊತ್ತಿರಲಿಲ್ಲ' ಅಂತ. ಅದೂ ಅಲ್ಲದೆ ತುಂಬಾ ಜನ ಈ ದಾರಿಗೆ ಬರುವುದೇ ಇಲ್ಲ. ನಾಲ್ಕನೇ ನಡೆಯಲ್ಲಿ ಡಿ3 ಆಡಿ ಇ4 ಪಾನ್ ಭದ್ರ ಮಾಡಿಕೊಳ್ಳುತ್ತಾರೆ. ಆಗ ಬಿಷಪ್ ಸಿ5ಕ್ಕೆ ತಂದು ಒಂದು ಶಾಂತ, ಒಳ್ಳೆಯ ಆಟ ಆಡಬಹುದು. ನನಗೆ ಬರ್ಲಿನ್‌ನಲ್ಲಿ ಇಷ್ಟವಾಗಿದ್ದು ಈ ಭಾಗವೇ.

ದೊಡ್ಡವರಿಗೂ ಇದು ಸುಲಭದ ಗೋಡೆ ಅಲ್ಲ. 2014ರಲ್ಲಿ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಆನಂದ್ ಕಾರ್ಲ್‌ಸನ್ ಎದುರು 11ನೇ ಆಟದಲ್ಲಿ ಬರ್ಲಿನ್ ಆಡಿದರು. ಚೆನ್ನಾಗಿಯೇ ನಿಂತಿದ್ದರು. ಮಧ್ಯದಲ್ಲಿ ಒಂದು ರೂಕ್ ಕೊಟ್ಟು ಬಿಷಪ್ ತೆಗೆದುಕೊಂಡ ಪ್ರಯೋಗ ಕೈ ಹಿಡಿಯಲಿಲ್ಲ. ಆ ಆಟದ ಜೊತೆಗೆ ಪಂದ್ಯವೂ ಮುಗಿಯಿತು. ಆ ಆಟವನ್ನು ನಿಧಾನವಾಗಿ ಒಂದೊಂದೇ ನಡೆ ನೋಡಿದರೆ, ರಾಣಿಗಳಿಲ್ಲದ ಬೋರ್ಡ್ ಮೇಲೂ ಎಷ್ಟು ಬಿಗಿ ಇರಬಹುದು ಅಂತ ಗೊತ್ತಾಗುತ್ತದೆ.

ಓಪನ್: ನನ್ನ ಮನಸ್ಸು ಗೆದ್ದ ಕವಲು

ಎರಡನೇ ಮೂರು ತಿಂಗಳು ಓಪನ್ ಸ್ಪ್ಯಾನಿಷ್. ಇಲ್ಲಿ ಮೂರನೇ ನಡೆ ಎ6. ಪಾಲ್ ಮಾರ್ಫಿ ಹೆಸರಿನ ನಡೆ ಅದು. ಬಿಷಪ್ ಎ4ಕ್ಕೆ ಸರಿಯುತ್ತದೆ, ಕುದುರೆ ಎಫ್6ಕ್ಕೆ, ಬಿಳಿ ಕ್ಯಾಸ್ಲಿಂಗ್, ಕುದುರೆ ಇ4ರ ಪಾನ್ ತಿನ್ನುತ್ತದೆ. ಬಿಳಿ ಡಿ4. ಈಗ ಡಿ4 ಪಾನ್ ತಿನ್ನುವ ಆಸೆ ಬೇಡ. ಇ ಸಾಲು ತೆರೆದುಕೊಂಡು, ರೂಕ್ ಇ1ಕ್ಕೆ ಬಂದು ನಮ್ಮ ಕುದುರೆಯನ್ನು ರಾಜನಿಗೆ ಕಟ್ಟಿಹಾಕುತ್ತದೆ. ಬಿ5, ಬಿಷಪ್ ಬಿ3ಕ್ಕೆ. ಡಿ5, ಬಿಳಿ ಪಾನ್ ಇ5ರಲ್ಲಿ ಹೊಡೆಯುತ್ತದೆ. ನಮ್ಮ ಬಿಷಪ್ ಇ6ಕ್ಕೆ.

ಈ ಸ್ಥಿತಿಯನ್ನು ಒಮ್ಮೆ ಕಣ್ಣು ತುಂಬಾ ನೋಡಿ. ಕುದುರೆ ಇ4ರಲ್ಲಿ ಎದೆ ಸೆಟೆದು ನಿಂತಿದೆ. ಡಿ5ರ ಪಾನ್ ಅದಕ್ಕೆ ಆಸರೆ, ಇ6ರ ಬಿಷಪ್ ಆ ಪಾನ್‌ಗೆ ಆಸರೆ. ಒಂದರ ಹೆಗಲ ಮೇಲೆ ಇನ್ನೊಂದು. ಬಿಳಿಯ ಕೆಲಸವೆಲ್ಲ ಈ ಕಟ್ಟಡದ ಯಾವುದಾದರೂ ಒಂದು ಇಟ್ಟಿಗೆ ಎಳೆಯುವುದು. ಬಿ3ರ ಬಿಷಪ್ ಡಿ5 ಕಡೆ ನೋಡುತ್ತದೆ. ಸಿ3 ಆಡಿ ಬಿಷಪ್ ಸಿ2ಕ್ಕೆ ಬಂದರೆ ಇ4 ಕುದುರೆಗೆ ಕುತ್ತು. ಇನ್ನೊಂದು ಕುದುರೆ ಡಿ2ಕ್ಕೆ ಬಂದರೂ ಅದೇ ಕುದುರೆಗೆ ಪ್ರಶ್ನೆ. ನಮ್ಮ ಆಸೆಯೂ ಸ್ಪಷ್ಟ. ಸಿ5 ಅಥವಾ ಡಿ4 ತಳ್ಳಿ ಮಧ್ಯ ಹಿಡಿಯಬೇಕು. ಆದರೆ ಕುದುರೆ ಸಿ5ಕ್ಕೆ ಹೋದರೆ ಸಿ ಪಾನ್‌ನ ದಾರಿ ಮುಚ್ಚಿತು. ಈ ಎಳೆದಾಟವೇ ಓಪನ್‌ನ ರುಚಿ. ನನ್ನ ನೆನಪಿನ ನಡೆಗಳು ಒಂಬತ್ತಕ್ಕೇ ಮುಗಿದರೂ ಯಾವ ಕಾಯಿ ಎಲ್ಲಿಗೆ ಹೋಗಬೇಕು ಅಂತ ಅಂದಾಜು ಸಿಗುತ್ತಿತ್ತು.

ಈ ಕವಲಿನಲ್ಲಿ ನನಗೆ ಬಿದ್ದ ದೊಡ್ಡ ಏಟು ಒಂದು ಹಳೆಯ ಬಲೆ. ಬಿಳಿ ಸಿ3, ನಾನು ಬಿಷಪ್ ಇ7ಕ್ಕೆ. ರೂಕ್ ಇ1ಕ್ಕೆ, ನಾನು ಕ್ಯಾಸ್ಲಿಂಗ್. ಬಿಳಿ ಕುದುರೆ ಡಿ4ಕ್ಕೆ ಹಾರಿತು. ನನ್ನ ಸಿ6ರ ಕುದುರೆ ಮೇಲೂ ಇ6ರ ಬಿಷಪ್ ಮೇಲೂ ಕಣ್ಣು. ರಾಣಿಯನ್ನು ಡಿ7ಕ್ಕೆ ತಂದರೆ ಎರಡಕ್ಕೂ ಕಾವಲು, ಅಲ್ವಾ? ನೋಡಲು ಅಷ್ಟು ಸಹಜವಾದ ನಡೆ. ಆಡಿದೆ. ಕುದುರೆ ಇ6ರ ಬಿಷಪ್ ಹೊಡೆಯಿತು. ನಾನು ಎಫ್ ಪಾನ್‌ನಿಂದ ವಾಪಸ್ ಹೊಡೆದೆ. ಆಗ ರೂಕ್ ನೇರವಾಗಿ ಇ4ರ ಕುದುರೆಯನ್ನು ತಿಂದಿತು. ಡಿ5 ಪಾನ್‌ನಿಂದ ಆ ರೂಕ್ ಹೊಡೆಯಲು ಕೈ ಹೋಯಿತು, ಅಲ್ಲೇ ನಿಂತಿತು. ಪಾನ್ ಸರಿದರೆ ಡಿ1ರ ಬಿಳಿ ರಾಣಿಗೂ ಡಿ7ರ ನನ್ನ ರಾಣಿಗೂ ನಡುವೆ ಏನೂ ಇಲ್ಲ. ಎಫ್ ಪಾನ್ ಬಿಟ್ಟು ರಾಣಿಯಿಂದ ಹೊಡೆದಿದ್ದರೂ ಉಳಿಗಾಲ ಇರಲಿಲ್ಲ. ಆಗ ಅದೇ ಪಾನ್ ಸರಿದರೆ ಬಿ3ರ ಬಿಷಪ್ ರಾಣಿಯನ್ನು ನುಂಗುತ್ತದೆ. ಒಂದು ಪಾನ್ ಎರಡು ದಿಕ್ಕಿನಿಂದ ಕಟ್ಟಿಬಿದ್ದಿತ್ತು. 19ನೇ ಶತಮಾನದ ಕೊನೆಯಲ್ಲಿ ತರಾಶ್ ಇದೇ ಬಲೆಯಲ್ಲಿ ಝುಕರ್‌ಟೋರ್ಟ್ ಮತ್ತು ಗುನ್ಸ್‌ಬರ್ಗ್ ಇಬ್ಬರನ್ನೂ ಕೆಡವಿದ್ದರು ಅಂತ ಆಮೇಲೆ ಓದಿದೆ.

ಸರಿಯಾದ ಉತ್ತರ ಇನ್ನೂ ಸೊಗಸು. ಕುದುರೆ ಡಿ4ಕ್ಕೆ ಹೋದಾಗ ಇ5ರ ಬಿಳಿ ಪಾನ್‌ಗೆ ಕಾವಲು ಸಡಿಲವಾಯಿತು. ಸಿ6ರ ಕುದುರೆಯಿಂದ ಅದನ್ನೇ ತಿನ್ನಬೇಕು. ಬಿಳಿ ಎಫ್3 ಆಡಿ ಇ4 ಕುದುರೆಯನ್ನು ಹಿಡಿಯುತ್ತದೆ. ಹಿಡಿಯಲಿ. ನಾವು ಬಿಷಪ್ ಡಿ6ಕ್ಕೆ. ಬಿಳಿ ಕುದುರೆ ತಿಂದರೆ ಇನ್ನೊಂದು ಬಿಷಪ್ ಜಿ4ಕ್ಕೆ ಹೋಗಿ ರಾಣಿ ಮೇಲೆ ಬೀಳುತ್ತದೆ. ಒಂದು ಕುದುರೆ ಕೊಟ್ಟು ಬಿಳಿ ರಾಜನ ಮನೆ ಬಾಗಿಲಿಗೇ ದಾಳಿ ಒಯ್ಯುವ ಈ ದಾರಿಗೆ ಬ್ರೆಸ್ಲಾವ್ ವೇರಿಯೇಶನ್ ಅಂತ ಹೆಸರು.

ಓಪನ್‌ನ ಅಪಾಯದ ಮೂಲೆ ಇನ್ನೊಂದಿದೆ. ಬಿಳಿ ಒಂಬತ್ತನೇ ನಡೆಯಲ್ಲಿ ಕುದುರೆ ಡಿ2ಕ್ಕೆ, ನಾವು ಕುದುರೆ ಸಿ5ಕ್ಕೆ, ಸಿ3, ನಾವು ಡಿ4. ಆಗ ಬಿಳಿ ಕುದುರೆ ಜಿ5ಕ್ಕೆ ಬಂದು ನಮ್ಮ ರಾಣಿಯ ಬಾಯಿಗೇ ಬೀಳುತ್ತದೆ. ತಿಂದರೆ ಬಿಳಿ ರಾಣಿ ಎಫ್3ಕ್ಕೆ ಬಂದು ಸಿ6 ಕುದುರೆ ಮೇಲೆ ಕೂರುತ್ತದೆ, ನಮ್ಮ ರಾಜ ಇನ್ನೂ ಮಧ್ಯದಲ್ಲೇ. 1978ರಲ್ಲಿ ಬಾಗಿಯೋದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಕಾರ್ಪೋವ್ ಇದನ್ನು ಕೋರ್ಚ್‌ನಾಯ್ ಎದುರು ಹೊರತೆಗೆದರು. 1995ರಲ್ಲಿ ನ್ಯೂಯಾರ್ಕ್‌ನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಇದೇ ದಾರಿಯಲ್ಲಿ ಕ್ಯಾಸ್ಪರೋವ್ ಇನ್ನೂ ಮುಂದೆ ಹೋಗಿ, ಮೂಲೆಯ ರೂಕನ್ನೇ ಬಿಟ್ಟುಕೊಟ್ಟು ಆನಂದ್ ಅವರನ್ನು 10ನೇ ಆಟದಲ್ಲಿ ಸೋಲಿಸಿದರು. ಹಿಂದಿನ ಆಟವಷ್ಟೇ ಗೆದ್ದು ಆನಂದ್ ಮುಂದಿದ್ದರು. ಓದುವಾಗ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ನಾನು ಇಲ್ಲಿ ಡಿ4 ಆಡುವುದನ್ನು ಬಿಟ್ಟೆ. ಬಿಷಪ್ ಇ7ಕ್ಕೆ ತಂದು, ಬಿಳಿ ಬಿಷಪ್ ಸಿ2ಕ್ಕೆ ಸರಿದರೆ ನನ್ನ ಬಿಷಪ್ಪನ್ನು ಇ6ರಿಂದ ಜಿ4ಕ್ಕೆ ಕಳಿಸುತ್ತೇನೆ. ಶಾಂತ ದಾರಿ, ನೆನಪಿಡಬೇಕಾದ್ದೂ ಕಡಿಮೆ.

ಬ್ರೇಯರ್: ಕುದುರೆ ಮನೆಗೆ ವಾಪಸ್

ಕೊನೆಯ ಮೂರು ತಿಂಗಳು ಕ್ಲೋಸ್ಡ್ ಸ್ಪ್ಯಾನಿಷ್. ಐದನೇ ನಡೆಯಲ್ಲಿ ಪಾನ್ ತಿನ್ನದೆ ಬಿಷಪ್ ಇ7ಕ್ಕೆ. ರೂಕ್ ಇ1, ಬಿ5, ಬಿಷಪ್ ಬಿ3, ಡಿ6, ಸಿ3, ಕ್ಯಾಸ್ಲಿಂಗ್, ಎಚ್3. ಡಿ4 ತಳ್ಳುವ ಮುಂಚೆ ನಮ್ಮ ಬಿಷಪ್ ಜಿ4ಕ್ಕೆ ಬಂದು ಕಾಡದಿರಲಿ ಅಂತ ಬಿಳಿ ಈ ಎಚ್3 ಆಡುತ್ತದೆ. ಇಲ್ಲಿಂದ ಮತ್ತೆ ಕವಲು.

ಚಿಗೋರಿನ್ ಅನ್ನುವ ಕವಲಿನಲ್ಲಿ ಕುದುರೆ ಎ5ಕ್ಕೆ ಹೋಗಿ ಬಿಷಪ್ಪನ್ನು ಅಟ್ಟಿ, ಸಿ5ಕ್ಕೆ ದಾರಿ ಮಾಡುತ್ತದೆ. ಎರಡು ವಾರ ಆಡಿದೆ. ಬಿಳಿ ಡಿ5 ತಳ್ಳಿ ಮಧ್ಯ ಮುಚ್ಚಿ, ಬಿ3 ಆಡಿದರೆ ಆ ಕುದುರೆ ಅಂಚಿನಲ್ಲೇ ಉಳಿದುಬಿಡುತ್ತದೆ. ಅದನ್ನು ಮತ್ತೆ ಆಟಕ್ಕೆ ತರುವುದರಲ್ಲೇ ನನ್ನ ಸಮಯ ಹೋಗುತ್ತಿತ್ತು. ಝೈಟ್ಸೆವ್ ಅನ್ನುವ ಕವಲಿನಲ್ಲಿ ಬಿಷಪ್ ಬಿ7ಕ್ಕೆ, ಆಮೇಲೆ ರೂಕ್ ಇ8ಕ್ಕೆ. ಒಳ್ಳೆಯ ಕವಲು. ಆದರೆ ಬಿಳಿ ಕುದುರೆ ಜಿ5ಕ್ಕೆ ಬಂದರೆ ರೂಕ್ ಎಫ್8ಕ್ಕೆ ವಾಪಸ್, ಕುದುರೆ ಎಫ್3ಕ್ಕೆ ಹೋದರೆ ರೂಕ್ ಮತ್ತೆ ಇ8ಕ್ಕೆ. ಬಿಳಿಗೆ ಬೇಕೆಂದರೆ ಅಲ್ಲೇ ಡ್ರಾ. ಗೆಲ್ಲಲೇಬೇಕಾದ ಆಟಕ್ಕೆ ಹೊಂದುವುದಿಲ್ಲ.

ಹಾಗಾಗಿ ಬ್ರೇಯರ್‌ಗೆ ಬಂದೆ. ಒಂಬತ್ತನೇ ನಡೆಯಲ್ಲಿ, ಎಲ್ಲ ಕಾಯಿ ಹೊರಗೆ ಬರಬೇಕಾದ ಹೊತ್ತಿನಲ್ಲಿ, ಸಿ6ರ ಕುದುರೆಯನ್ನು ಎತ್ತಿ ಬಿ8ಕ್ಕೆ ಇಡುವುದು! ಆಟ ಶುರುವಾದಾಗ ಅದು ಇದ್ದ ಮನೆ ಅದೇ. ಮೊದಲ ಸಲ ಆಡುವಾಗ ಕೈ ಅಳುಕಿತು. ಕಾರಣ ಕೇಳಿದರೆ ಅಚ್ಚುಕಟ್ಟು. ಮುಂದಿನ ನಡೆಯಲ್ಲಿ ಕುದುರೆ ಡಿ7ಕ್ಕೆ ಬಂದು ಇ5ಕ್ಕೆ ಕಾವಲಾಗುತ್ತದೆ. ಬಿ7ಕ್ಕೆ ಬರುವ ಬಿಷಪ್‌ನ ಕಣ್ಣು ಇ4ರವರೆಗೆ ಬಿಚ್ಚುತ್ತದೆ. ಸಿ ಪಾನ್‌ಗೆ ದಾರಿ ಸಿಗುತ್ತದೆ. ಬಿಳಿಗೂ ಆತುರವಿಲ್ಲ. ಅದರ ಕುದುರೆ ಬಿ1ರಿಂದ ಡಿ2, ಎಫ್1, ಜಿ3 ಅಂತ ದೊಡ್ಡ ಸುತ್ತು ಹಾಕುತ್ತದೆ. ನಾವು ರೂಕ್ ಇ8, ಬಿಷಪ್ ಎಫ್8, ಜಿ6 ಅಂತ ಮನೆ ಸರಿಮಾಡಿಕೊಳ್ಳುತ್ತೇವೆ. ಹಂಗೇರಿಯ ಬ್ರೇಯರ್ 1921ರಲ್ಲಿ ಇನ್ನೂ ಮೂವತ್ತು ತುಂಬುವ ಮುಂಚೆಯೇ ತೀರಿಕೊಂಡರು. ಅವರ ಹೆಸರಿನ ಈ ನಡೆಯನ್ನು ಮುಂದೆ ಸ್ಪಾಸ್ಕಿ ಅಂಥವರು ಮನಸಾರೆ ಆಡಿದರು.

ಬ್ರೇಯರ್ ನನಗೆ ಕಾಯುವುದನ್ನು ಕಲಿಸಿತು. ಕಾಯಿಗಳನ್ನು ಒಳ್ಳೆಯ ಮನೆಯಲ್ಲಿ ನಿಲ್ಲಿಸುವುದೇ ಒಂದು ಯೋಜನೆ ಅಂತ ಇಲ್ಲಿ ಗೊತ್ತಾಯಿತು. ಆದರೆ ಒಂದು ಕೊರತೆ. ಬಿಳಿ ಎ4 ಆಡಿ ಬಿ5 ಕೆಣಕಿದಾಗ, ಇಲ್ಲಾ ಮಧ್ಯ ಮುಚ್ಚಿದಾಗ, ತಾಳ್ಮೆ ಎಷ್ಟು ಹೊತ್ತು, ಏಟು ಯಾವಾಗ ಅಂತ ತೂಗುವುದಕ್ಕೆ 15 ನಿಮಿಷ ಸಾಲುವುದಿಲ್ಲ. ಗಡಿಯಾರ ನೋಡುತ್ತಾ ಎಷ್ಟೋ ಆಟ ಕೆಡಿಸಿಕೊಂಡೆ. ಗಂಟೆಗಟ್ಟಲೆ ಆಡುವ ಟೂರ್ನಿಗೆ ಇದೇ ಸರಿ.

ಸ್ಪ್ಯಾನಿಷ್‌ನ ಇನ್ನೊಂದು ಕವಲಾದ ಮಾರ್ಷಲ್ ದಾಳಿ ಬಗ್ಗೆ ಕೇಳುವವರು ಇರುತ್ತಾರೆ. 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾರ್ಷಲ್ ಇದನ್ನು ಕಾಪಾಬ್ಲಾಂಕಾ ಮೇಲೆ ಬಿಟ್ಟರು, ಕಾಪಾಬ್ಲಾಂಕಾ ಬೋರ್ಡ್ ಮುಂದೆಯೇ ಉತ್ತರ ಕಂಡುಕೊಂಡು ಗೆದ್ದರು. ಪಾನ್ ಕೊಟ್ಟು ರಾಜನ ಮೇಲೆ ನುಗ್ಗುವ ಸುಂದರ ಆಟ. ಆದರೆ ಬಿಳಿ ಎಂಟನೇ ನಡೆಯಲ್ಲಿ ಎ4 ಅಥವಾ ಎಚ್3 ಆಡಿದರೆ ಸಾಕು, ಅದಕ್ಕೆ ಅವಕಾಶವೇ ಇಲ್ಲ. ಇಪ್ಪತ್ತು ನಡೆ ಕಲಿತು ಆಡಲು ಸಿಗದಿದ್ದರೆ ಬೇಜಾರು. ನಾನು ಅಲ್ಲಿಗೆ ಹೋಗಲಿಲ್ಲ.

ಬಿಳಿ ದಾರಿ ತಪ್ಪಿಸಿದರೆ?

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಓಪನ್ ಕಲಿತರೂ ಬ್ರೇಯರ್ ಕಲಿತರೂ, ನಿಮ್ಮ ಎದುರಾಳಿ ನಾಲ್ಕನೇ ನಡೆಯಲ್ಲೇ ಬಿಷಪ್‌ನಿಂದ ಕುದುರೆ ಹೊಡೆದು ಎಕ್ಸ್‌ಚೇಂಜ್‌ಗೆ ಹೋಗಬಹುದು. ಇದನ್ನು ಸಪ್ಪೆ ಅಂದುಕೊಳ್ಳಬೇಡಿ. 1914ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಲಾಸ್ಕರ್ ಇದರಿಂದಲೇ ಕಾಪಾಬ್ಲಾಂಕಾ ಅವರನ್ನು ಸೋಲಿಸಿದರು. 1966ರ ಹವಾನಾ ಒಲಿಂಪಿಯಾಡ್‌ನಲ್ಲಿ ಫಿಷರ್ ಇದಕ್ಕೆ ಮತ್ತೆ ಜೀವ ಕೊಟ್ಟರು. ಇಲ್ಲೂ ಬರ್ಲಿನ್‌ನ ಪಾಠವೇ: ಪಾನ್ ಲೆಕ್ಕ ಬಿಳಿಯ ಕಡೆಗಿದೆ, ಎರಡು ಬಿಷಪ್ ನಮ್ಮ ಕಡೆ. ಹಾಗೆ ನೋಡಿದರೆ ಬರ್ಲಿನ್‌ನ ಆ ಮೂರು ತಿಂಗಳು ನನಗೆ ಹೆಚ್ಚು ಕೆಲಸಕ್ಕೆ ಬಂದಿದ್ದು ಎಕ್ಸ್‌ಚೇಂಜ್ ಆಟಗಳಲ್ಲಿ.

ಐದನೇ ನಡೆಯಲ್ಲಿ ಡಿ3 ಬಂದರೆ ಓಪನ್ ಇಲ್ಲ. ಬಿ5, ಬಿಷಪ್ ಬಿ3, ಆಮೇಲೆ ಬಿಷಪ್ ಸಿ5 ಅಥವಾ ಇ7, ಡಿ6, ಕ್ಯಾಸ್ಲಿಂಗ್. ಇಷ್ಟನ್ನು ಬೆರಳ ತುದಿಯಲ್ಲಿ ಇಟ್ಟುಕೊಳ್ಳಿ. ನನ್ನ ಎದುರಾಳಿಗಳಲ್ಲಿ ತುಂಬಾ ಜನ ಇದನ್ನೇ ಆಡುತ್ತಾರೆ.

ನಾನಾದರೆ ಯಾವ ಕ್ರಮ?

ಇ5 ಆಡುವವರು ಸ್ಪ್ಯಾನಿಷ್ ಮೊದಲ ಸಲ ಕಲಿಯುವುದಾದರೆ ಓಪನ್‌ನಿಂದ ಶುರು ಮಾಡಿ ಅನ್ನುತ್ತೇನೆ. ತಪ್ಪು ಮಾಡಿದರೆ ಏಟು ತಕ್ಷಣ ಬೀಳುತ್ತದೆ, ಆದ್ದರಿಂದ ಯಾಕೆ ಬಿತ್ತು ಅಂತಲೂ ತಕ್ಷಣ ಗೊತ್ತಾಗುತ್ತದೆ. ಬರ್ಲಿನ್‌ನಲ್ಲಿ 12ನೇ ನಡೆಯ ತಪ್ಪಿಗೆ 40ನೇ ನಡೆಯಲ್ಲಿ ಬೆಲೆ ಕಟ್ಟುತ್ತೇವೆ, ನಡುವೆ ಎಲ್ಲಿ ಜಾರಿದೆವು ಅಂತ ಹುಡುಕುವುದೇ ಕಷ್ಟ. ಅದನ್ನು ಪಾನ್ ಎಂಡ್‌ಗೇಮ್ (ರಾಜ, ಪಾನ್‌ಗಳಷ್ಟೇ ಉಳಿದ ಕೊನೆಯ ಹಂತ) ಚೆನ್ನಾಗಿ ಕಲಿತ ಮೇಲೆ ಹಿಡಿಯಿರಿ. ಬ್ರೇಯರ್ ಎರಡನೆಯದಾಗಿ ಬರಲಿ. ಡಿ3 ಆಡುವವರ ಎದುರು ಬೇಕಾಗುವ ತಾಳ್ಮೆ ಅಲ್ಲಿ ಸಿಗುತ್ತದೆ.

ನಾನೀಗ ಓಪನ್‌ಗೆ ವಾಪಸ್ ಬಂದಿದ್ದೇನೆ. ಮೊನ್ನೆ ಒಂದು ಆಟದಲ್ಲಿ ಅದೇ ಸ್ಥಿತಿ ಬಂತು. ಸಿ3, ಬಿಷಪ್ ಇ7, ರೂಕ್ ಇ1, ಕ್ಯಾಸ್ಲಿಂಗ್, ಬಿಳಿ ಕುದುರೆ ಡಿ4ಕ್ಕೆ. ಎದುರಾಳಿ ಈ ನಡೆಯನ್ನು ಒಂದು ಸೆಕೆಂಡಿನಲ್ಲಿ ಆಡಿದರು. ಬಲೆ ಅವರಿಗೆ ಗೊತ್ತಿತ್ತು. ಡಿ7ರ ಮನೆ ನೋಡಿದೆ, ರಾಣಿಯನ್ನು ಮುಟ್ಟಲಿಲ್ಲ. ಸಿ6ರ ಕುದುರೆಯಿಂದ ಇ5ರ ಪಾನ್ ತಿಂದೆ. ಎದುರಾಳಿ ನಾಲ್ಕು ನಿಮಿಷ ಯೋಚಿಸಿ ಎಫ್3 ಆಡಿದರು. ಬಿಷಪ್ ಡಿ6ಕ್ಕೆ. ಅವರು ಕುದುರೆ ತಿಂದರು. ಬಿಷಪ್ ಜಿ4ಕ್ಕೆ. ಬಿಳಿ ರಾಣಿ ಡಿ2ಕ್ಕೆ ಸರಿಯಿತು, ನನ್ನ ರಾಣಿ ಎಚ್4ಕ್ಕೆ ಹೋಗಿ ನಿಂತಿತು. ಆ ಆಟ ಡ್ರಾ ಆಯಿತು. ನೋಟ್‌ಬುಕ್‌ನಲ್ಲಿ ಎರಡನೇ ಪ್ರಶ್ನೆಯ ಮುಂದೆ 'ಗೊತ್ತಿತ್ತು' ಅಂತ ಬರೆದೆ.